ಮೂರನೆಯ ವರ್ಷ ಯಾರ ಕೋಣೆಯ ಬಾಗಿಲು ತಟ್ಟುವಿರಿ?

ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿರುವ ನೀವು ಮೂರು ಪ್ರಶ್ನೆಗಳನ್ನು ಕೇಳಿದ್ದೀರಿ. ಅಮೆರಿಕದಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕುವ ಮೊದಲು ಅಲ್ಲಿನ ಪ್ರಾಧ್ಯಾಪಕರಿಗೆ ಪತ್ರ ಬರೆದು ಒಪ್ಪಿಗೆ ಪಡೆಯಬೇಕೇ, ನೀವು ಬಿ.ಎಸ್ಸಿ. ಓದಿದ ಕಾಲೇಜಿನ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲದಿರುವುದು ಅಡ್ಡಿಯಾಗುತ್ತದೆಯೇ, ಎರಡು ಕಡೆ ಸೀಟು ಸಿಕ್ಕರೆ ದೊಡ್ಡ ಹೆಸರಿನ ಕಡೆ ಹೋಗಬೇಕೋ ಹೆಚ್ಚು ಹಣ ಕೊಡುವ ಕಡೆ ಹೋಗಬೇಕೋ. ನಾನು ಈ ದೇಶಕ್ಕೆ ಬಂದು ಇಪ್ಪತ್ತೆರಡು ವರ್ಷಗಳಾದವು. ಮಧ್ಯಪಶ್ಚಿಮದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಪಾಠ ಹೇಳುತ್ತೇನೆ. ಆರು ವರ್ಷ ಅದರ ಪ್ರವೇಶ ಸಮಿತಿಯಲ್ಲೂ ಇದ್ದೆ. ಆ ಅನುಭವದ ಮಟ್ಟಿಗೆ ಉತ್ತರಿಸುತ್ತೇನೆ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಬೇಡ. ಎಂಜಿನಿಯರಿಂಗ್‌ನಲ್ಲಿಯೂ ಪ್ರಯೋಗಾಲಯದ ವಿಜ್ಞಾನಗಳಲ್ಲಿಯೂ ಪ್ರಾಧ್ಯಾಪಕರು ತಮ್ಮ ಅನುದಾನದ ಹಣದಿಂದ ವಿದ್ಯಾರ್ಥಿಗಳನ್ನು ನೇರವಾಗಿ ತೆಗೆದುಕೊಳ್ಳುವ ಪದ್ಧತಿ ಇದೆ, ಆದ್ದರಿಂದ ಮೊದಲೇ ಪತ್ರ ಬರೆಯಿರಿ ಎಂದು ನಿಮ್ಮ ಎಂಜಿನಿಯರ್ ಸ್ನೇಹಿತರು ಕೊಟ್ಟ ಸಲಹೆ ಅವರ ಮಟ್ಟಿಗೆ ಸರಿಯೇ. ಸಂಖ್ಯಾಶಾಸ್ತ್ರದಲ್ಲಿ ಬಹುಮಟ್ಟಿಗೆ ಪ್ರವೇಶ ಕೊಡುವುದು ಸಮಿತಿ. ಮೊದಲ ಒಂದೆರಡು ವರ್ಷ ಸ್ಟೈಪೆಂಡ್ ಕೊಡುವುದು ವಿಭಾಗ, ಅದೂ ಹೆಚ್ಚಾಗಿ ಟೀಚಿಂಗ್ ಅಸಿಸ್ಟೆಂಟ್ (ಟಿ.ಎ.) ಕೆಲಸಕ್ಕೆ. ಮಾರ್ಗದರ್ಶಕರನ್ನು ಹುಡುಕಿಕೊಳ್ಳುವುದು ಸಾಮಾನ್ಯವಾಗಿ, ಸೇರಿದ ಮೇಲೆ ವಿಭಾಗವೇ ನಡೆಸುವ ಅರ್ಹತಾ ಪರೀಕ್ಷೆ ಮುಗಿದ ನಂತರ. "ತಮ್ಮ ಅಮೂಲ್ಯ ಸಂಶೋಧನೆಯನ್ನು ಓದಿ ಪ್ರಭಾವಿತನಾಗಿದ್ದೇನೆ" ಎಂದು ಆರಂಭವಾಗುವ ಇಮೇಲ್‌ಗಳು ನನಗೂ ವಾರಕ್ಕೆ ನಾಲ್ಕಾರು ಬರುತ್ತವೆ. ಒಂದರಲ್ಲಂತೂ ಸಂಬೋಧನೆಯ ಜಾಗದಲ್ಲಿ ಪಕ್ಕದ ರಾಜ್ಯದ ಇನ್ನಾರೋ ಪ್ರಾಧ್ಯಾಪಕರ ಹೆಸರು ಹಾಗೆಯೇ ಉಳಿದುಕೊಂಡಿತ್ತು.

ಎರಡನೆಯ ಪ್ರಶ್ನೆಗೆ ಉತ್ತರಿಸಬೇಕಾದರೆ ಜನವರಿಯಲ್ಲಿ ಸಮಿತಿಯವರು ಅರ್ಜಿ ಓದುವ ಬಗೆಯನ್ನು ಹೇಳಬೇಕು. ಅರ್ಜಿಗಳ ಕೊನೆಯ ದಿನಾಂಕ ಹೆಚ್ಚಿನ ಕಡೆ ಡಿಸೆಂಬರ್‌ನ ಮೊದಲ ಹದಿನೈದು ದಿನಗಳಲ್ಲಿ ಬೀಳುತ್ತದೆ. ರಜೆ ಮುಗಿಸಿ ಬರುವ ಹೊತ್ತಿಗೆ ಕೆಲವು ನೂರು ಅರ್ಜಿಗಳು ಕಾದಿರುತ್ತವೆ, ಮೊದಲ ಸುತ್ತಿನಲ್ಲಿ ಒಂದೊಂದಕ್ಕೆ ಕಾಲು ಗಂಟೆ ಸಿಕ್ಕರೆ ಹೆಚ್ಚು. ನಾನು ಮೊದಲು ತೆರೆಯುತ್ತಿದ್ದದ್ದು ಅಂಕಪಟ್ಟಿ, ಅದರಲ್ಲಿ ಮೊದಲು ಹುಡುಕುತ್ತಿದ್ದದ್ದು ರಿಯಲ್ ಅನಾಲಿಸಿಸ್ (ಕ್ಯಾಲ್ಕುಲಸ್‌ನ ತಳಹದಿಯನ್ನು ಕಟ್ಟುನಿಟ್ಟಾಗಿ ಕಟ್ಟುವ ಗಣಿತ) ಮತ್ತು ಲೀನಿಯರ್ ಆಲ್ಜೀಬ್ರಾದ ಅಂಕಗಳು. ಸಂಖ್ಯಾಶಾಸ್ತ್ರದ ಪತ್ರಿಕೆಗಳ ಸರದಿ ಅನಂತರ. ಇದು ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗಿ ಕಾಣುತ್ತದೆ, ಆದರೆ ಕಾರಣ ಸರಳ: ಮಾದರಿ ಸಮೀಕ್ಷೆ (ಸ್ಯಾಂಪಲ್ ಸರ್ವೆ), ರಿಗ್ರೆಷನ್ ಇತ್ಯಾದಿಗಳನ್ನು ಇಲ್ಲಿ ಹೊಸದಾಗಿ ಕಲಿಸಬಹುದು, ಮೆಷರ್ ಥಿಯರಿಯ ಮೇಲೆ ನಿಂತ ಸಂಭವನೀಯತೆಯ ಕೋರ್ಸಿನಲ್ಲಿ ಎಪ್ಸಿಲಾನ್-ಡೆಲ್ಟಾ ಹಿಡಿದು ಕಟ್ಟುನಿಟ್ಟಾದ ಸಾಧನೆ (ಪ್ರೂಫ್) ಬರೆಯಲಾರದವರಿಗೆ ಅದನ್ನು ಕಲಿಸುವಷ್ಟು ಸಮಯ ಯಾರಿಗೂ ಇರುವುದಿಲ್ಲ. ನಿಮಗಿನ್ನೂ ಒಂದು ಸೆಮಿಸ್ಟರ್ ಉಳಿದಿದ್ದರೆ, ಪೈಥಾನ್ ಸರ್ಟಿಫಿಕೇಟುಗಳನ್ನು ಬದಿಗಿಟ್ಟು, ಗಣಿತ ವಿಭಾಗದಲ್ಲಿ ಅನಾಲಿಸಿಸ್‌ನ ಒಂದು ಪತ್ರಿಕೆಯನ್ನು ಐಚ್ಛಿಕವಾಗಿ ತೆಗೆದುಕೊಳ್ಳಲು ಅವಕಾಶವಿದೆಯೇ ಎಂದು ವಿಚಾರಿಸಿ.

ಕಾಲೇಜಿನ ಹೆಸರಿಗಿಂತ ದೊಡ್ಡ ತೊಡಕೆಂದರೆ ನಮ್ಮ ಅಂಕಪಟ್ಟಿ ಇಲ್ಲಿಯವರಿಗೆ ಅರ್ಥವಾಗದಿರುವುದು. ಒಂದು ವರ್ಷ ಕರ್ನಾಟಕದ ಹುಡುಗನೊಬ್ಬನ ಅರ್ಜಿ ಪರದೆಯ ಮೇಲಿತ್ತು. ಅಂಕಪಟ್ಟಿಯಲ್ಲಿ "ಗಣಿತ, ಪತ್ರಿಕೆ 5" ಎಂದಷ್ಟೇ ಇದ್ದು ಎದುರಿಗೆ ನೂರಕ್ಕೆ 68 ಎಂದಿತ್ತು. ಇಲ್ಲಿ 68 ಎಂದರೆ ತೇರ್ಗಡೆಯಾಗಲು ಹೆಣಗಿದ ಅಂಕ. ಪಕ್ಕದಲ್ಲಿದ್ದ ಸಹೋದ್ಯೋಗಿ ಆಗಲೇ ಮುಂದಿನ ಅರ್ಜಿಗೆ ಹೋಗಲು ಕೈ ಎತ್ತಿದ್ದರು. ನಮ್ಮಲ್ಲಿ 60 ದಾಟಿದರೆ ಪ್ರಥಮ ದರ್ಜೆ ಎಂದೂ, ಆ ಪತ್ರಿಕೆಯಲ್ಲಿ ಆತ ಪಡೆದದ್ದು ಬಹುಶಃ ತರಗತಿಯ ಮೇಲಿನ ಅಂಕಗಳಲ್ಲೊಂದು ಎಂದೂ ನಾನು ವಿವರಿಸಬೇಕಾಯಿತು. ಸಮಿತಿಯಲ್ಲಿ ನಮ್ಮವರೊಬ್ಬರು ಪ್ರತಿ ಸಲವೂ ಇರುತ್ತಾರೆಂಬ ಭರವಸೆಯಿಲ್ಲ. ಆದ್ದರಿಂದ ಎರಡು ಪುಟಗಳ ಒಂದು ಟಿಪ್ಪಣಿ ಸಿದ್ಧಮಾಡಿ: ಪ್ರತಿ ಪತ್ರಿಕೆಯ ಸಂಖ್ಯೆ, ಅದರ ವಿಷಯ, ಓದಿದ ಪಠ್ಯ, ನಿಮ್ಮ ಅಂಕ, ಸಾಧ್ಯವಾದರೆ ತರಗತಿಯಲ್ಲಿ ನಿಮ್ಮ ಸ್ಥಾನ. ಶ್ರೇಣಿಗಳ ವಿವರ ಅಂಕಪಟ್ಟಿಯ ಹಿಂಬದಿಯಲ್ಲಿ ಅಚ್ಚಾಗಿದ್ದರೆ ಆ ಬದಿಯನ್ನೂ ಸ್ಕ್ಯಾನ್ ಮಾಡಿ ಸೇರಿಸಿ. ಇದನ್ನು ಮಾಡುವವರು ಹತ್ತರಲ್ಲಿ ಒಬ್ಬರೂ ಇರುವುದಿಲ್ಲ.

ಹೆಸರಿನ ಬಗ್ಗೆ ಇನ್ನೊಂದು ಮಾತು. ಇಲ್ಲಿ ಮೊದಲ ಸೆಮಿಸ್ಟರ್‌ನಲ್ಲೇ ಬೋರ್ಡಿನ ಮೇಲೆ ಕ್ರಾಮೇರ್-ರಾವ್ ಅಸಮಾನತೆ ಬರುತ್ತದೆ, ಅದರ ಬೆನ್ನಿಗೇ ರಾವ್-ಬ್ಲಾಕ್‌ವೆಲ್ ಪ್ರಮೇಯ ಬರುತ್ತದೆ. ಆ ರಾವ್ 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್, ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ದಶಕಗಳ ಕಾಲ ದುಡಿದು, ಆಮೇಲೆ ಪಿಟ್ಸ್‌ಬರ್ಗ್ ಮತ್ತು ಪೆನ್ ಸ್ಟೇಟ್‌ಗಳಲ್ಲಿ ಪಾಠ ಹೇಳಿ, 2023ರಲ್ಲಿ ತೀರಿಕೊಂಡರು. ನಮ್ಮ ಪ್ರಾಧ್ಯಾಪಕರು ಆ ಹೆಸರನ್ನು ಬರೆದ ದಿನ ನನಗೆ ತರಗತಿಯಲ್ಲಿ ಎದ್ದು ನಿಂತು ಊರಿನ ಹೆಸರು ಹೇಳಬೇಕೆನ್ನಿಸಿತ್ತು, ಹೇಳಲಿಲ್ಲ.

ಶಿಫಾರಸು ಪತ್ರಗಳು ಮೂರು ಬೇಕು, ಮತ್ತು ನಮ್ಮ ಕಡೆಯ ಅರ್ಜಿಗಳು ಸೋಲುವುದು ಹೆಚ್ಚಾಗಿ ಇಲ್ಲೇ. ವಿದ್ಯಾರ್ಥಿನಿ ಶ್ರದ್ಧಾವಂತಳು, ವಿನಯಶೀಲೆ, ನಡತೆ ಉತ್ತಮ ಎಂದು ಒಂದೂವರೆ ಪ್ಯಾರಾದಲ್ಲಿ ಮುಗಿಯುವ ಪತ್ರವನ್ನು ನಾವು ಓದುವುದಿಲ್ಲ, ಕಣ್ಣಾಡಿಸುತ್ತೇವೆ. ಅದಕ್ಕಿಂತ ಕೆಟ್ಟದ್ದು, "ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ" ಎಂಬ ನಮ್ಮ ಹಳೆಯ ರೂಢಿ. ಮೂರು ಪತ್ರಗಳಲ್ಲೂ ಒಂದೇ ವಿಶೇಷಣ, ಒಂದೇ ವಾಕ್ಯಭಂಗಿ ಕಂಡಾಗ ಸಮಿತಿಗೆ ಅನುಮಾನ ಬಾರದಿರುವುದಿಲ್ಲ, ಮತ್ತು ಆ ಅನುಮಾನದ ಬೆಲೆಯನ್ನು ತೆರುವವರು ನೀವೇ ಹೊರತು ಮೇಷ್ಟ್ರಲ್ಲ. ಮೇಷ್ಟ್ರಿಗೆ ಸಮಯವಿಲ್ಲದಿದ್ದರೆ ಪತ್ರದ ಬದಲು ಒಂದು ಪುಟದ ಸಂಗತಿಗಳನ್ನು ಬರೆದು ಕೊಡಿ: ಯಾವ ಪತ್ರಿಕೆಯನ್ನು ಅವರ ಬಳಿ ಓದಿದಿರಿ, ಎಷ್ಟು ಜನರಲ್ಲಿ ಎಷ್ಟನೆಯವರಾದಿರಿ, ಪ್ರಾಜೆಕ್ಟಿನಲ್ಲಿ ಯಾವ ಭಾಗ ನಿಮ್ಮದು, ಎಲ್ಲಿ ಸಿಕ್ಕಿಕೊಂಡು ಹೇಗೆ ಬಿಡಿಸಿಕೊಂಡಿರಿ. ಪ್ರಮೇಯವೊಂದರ ಸಾಧನೆಯಲ್ಲಿ ಇದ್ದ ತಪ್ಪನ್ನು ವಿದ್ಯಾರ್ಥಿ ಮರುದಿನ ಬೆಳಿಗ್ಗೆ ಬಂದು ತೋರಿಸಿದಳೆಂದು ಒಬ್ಬ ಅಧ್ಯಾಪಕರು ನಾಲ್ಕು ಸಾಲು ಬರೆದಿದ್ದ ಪತ್ರವೊಂದು ನನಗೆ ಈಗಲೂ ನೆನಪಿದೆ. ಇಂಗ್ಲಿಷಿನಲ್ಲಿ ತಪ್ಪುಗಳಿದ್ದವು, ಆಕೆಗೆ ಸೀಟು ಸಿಕ್ಕಿತು.

ಇಲ್ಲಿನ ಉನ್ನತ ಪದವಿಗಳ ಪ್ರವೇಶಕ್ಕೆ ಕೇಳುವ ಜಿಆರ್‌ಇ ಪರೀಕ್ಷೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 2020ರ ನಂತರ ಅನೇಕ ವಿಭಾಗಗಳು ಅದನ್ನು ಕೈಬಿಟ್ಟವು ಅಥವಾ ಐಚ್ಛಿಕ ಮಾಡಿದವು, ಆಮೇಲೆ ಕೆಲವು ಮತ್ತೆ ಕೇಳುತ್ತಿವೆ. ಆಯಾ ವಿಭಾಗದ ಪುಟವನ್ನು ನೋಡಿ ತೀರ್ಮಾನಿಸಿ. ಜಿಆರ್‌ಇಯದೇ ಆದ ಗಣಿತದ ವಿಷಯ ಪರೀಕ್ಷೆಯಲ್ಲಿ ನಿಜವಾಗಿಯೂ ಚೆನ್ನಾಗಿ ಮಾಡಬಲ್ಲಿರಾದರೆ ಮಾತ್ರ ಬರೆಯಿರಿ, ಹೆಸರು ಗೊತ್ತಿಲ್ಲದ ಕಾಲೇಜಿನಿಂದ ಬರುವವರಿಗೆ ಅದೊಂದು ಒಳ್ಳೆಯ ಊರುಗೋಲು. ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್‌ನಲ್ಲಿ ಮಾತನಾಡುವ ಭಾಗವನ್ನು ಹಗುರವಾಗಿ ಎಣಿಸಬೇಡಿ. ನೀವು ಮೊದಲ ವರ್ಷವೇ ಪದವಿ ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕಾಗಬಹುದಾದ್ದರಿಂದ ಹಲವು ಕಡೆ ಆ ಅಂಕವನ್ನು ಬೇರೆಯಾಗಿಯೇ ನೋಡುತ್ತಾರೆ.

ಎಲ್ಲಿಗೆಲ್ಲ ಅರ್ಜಿ ಹಾಕಬೇಕೆಂಬುದಕ್ಕೆ ರ‍್ಯಾಂಕಿಂಗ್ ಪಟ್ಟಿಯೊಂದೇ ಆಧಾರವಾಗಬಾರದು. ಸ್ಟ್ಯಾನ್‌ಫರ್ಡ್, ಬರ್ಕ್ಲಿಗಳ ಹೆಸರು ಎಲ್ಲರಿಗೂ ಗೊತ್ತು, ಅಲ್ಲಿ ಸೀಟು ಎಷ್ಟು ಕಷ್ಟವೆಂಬುದೂ ಗೊತ್ತು. ಆದರೆ ಮಾದರಿ ಸಮೀಕ್ಷೆ ನಿಮಗೆ ಇಷ್ಟವೆಂದು ಬರೆದಿದ್ದೀರಿ. ಆ ವಿಷಯದಲ್ಲಿ ಜೋಳದ ಹೊಲಗಳ ನಡುವಿನ ಏಮ್ಸ್ ಎಂಬ ಸಣ್ಣ ಊರಿನ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಹಳ ಹಳೆಯ, ಗಟ್ಟಿಯಾದ ಪರಂಪರೆಯಿದೆ. ಅಲ್ಲಿ ಸಂಖ್ಯಾಶಾಸ್ತ್ರಜ್ಞ ಜಾರ್ಜ್ ಸ್ನೆಡೆಕರ್ 1933ರಲ್ಲಿ ಸ್ಟ್ಯಾಟಿಸ್ಟಿಕಲ್ ಲ್ಯಾಬೊರೇಟರಿ ಆರಂಭಿಸಿದರು, ಅವರ ಜೊತೆಗಿದ್ದ ಗರ್ಟ್ರೂಡ್ ಕಾಕ್ಸ್ ನಾರ್ತ್ ಕ್ಯಾರೊಲೈನಾ ಸ್ಟೇಟ್‌ಗೆ ಹೋಗಿ 1941ರಲ್ಲಿ ಅಲ್ಲಿನ ವಿಭಾಗವನ್ನು ಕಟ್ಟಿದರು. ಅದು ಇಂದಿಗೂ ದೇಶದ ದೊಡ್ಡ ಸಂಖ್ಯಾಶಾಸ್ತ್ರ ವಿಭಾಗಗಳಲ್ಲೊಂದು. ಬೇಸಿಯನ್ ವಿಧಾನಗಳಿಗೆ ಡ್ಯೂಕ್, ಶುದ್ಧ ಸಂಭವನೀಯತೆಯ ಕಡೆ ಒಲವಿದ್ದರೆ ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ, ವೈದ್ಯಕೀಯ ದತ್ತಾಂಶಗಳಿಗೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಥವಾ ಜಾನ್ಸ್ ಹಾಪ್ಕಿನ್ಸ್‌ನ ಬಯೋಸ್ಟ್ಯಾಟಿಸ್ಟಿಕ್ಸ್ ವಿಭಾಗ. ಅರ್ಜಿಯ ಶುಲ್ಕ ಹೆಚ್ಚಿನ ಕಡೆ 75ರಿಂದ 125 ಡಾಲರ್ ಆಗುತ್ತದೆ, ಹಾಗಾಗಿ ಎಂಟು ಹತ್ತಕ್ಕಿಂತ ಹೆಚ್ಚು ಹಾಕುವುದು ತಂದೆಯವರ ದುಡ್ಡಿಗೆ ಅನ್ಯಾಯ.

ಬಯೋಸ್ಟ್ಯಾಟಿಸ್ಟಿಕ್ಸ್ ಬಗ್ಗೆ ಒಂದು ಎಚ್ಚರಿಕೆ. ಆ ವಿಭಾಗಗಳ ಹಣ ಬಹಳಷ್ಟು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ (ಎನ್‌ಐಎಚ್) ಅನುದಾನದಿಂದ ಬರುತ್ತದೆ, ಅದರಲ್ಲಿಯೂ ತರಬೇತಿ ಅನುದಾನಗಳು ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಪರದೇಶದವರನ್ನು ಪ್ರಾಧ್ಯಾಪಕರ ಸಂಶೋಧನಾ ಹಣದಿಂದಲೋ ಪಾಠದ ಕೆಲಸದಿಂದಲೋ ನಡೆಸಬೇಕಾಗುವುದರಿಂದ ಅಂಥವರ ಸೀಟು ಕಡಿಮೆ. 2025ರಲ್ಲಿ ಇಲ್ಲಿನ ಕೇಂದ್ರ ಸರ್ಕಾರದ ಸಂಶೋಧನಾ ಹಣ ಅನಿಶ್ಚಿತವಾದಾಗ ಹಲವು ವಿಶ್ವವಿದ್ಯಾಲಯಗಳು ಪಿಎಚ್.ಡಿ. ಸೀಟುಗಳನ್ನು ಕಡಿತ ಮಾಡಿದ್ದನ್ನೂ ಮನಸ್ಸಿನಲ್ಲಿಡಿ.

ಈಗ ಮೂರನೆಯ ಪ್ರಶ್ನೆ. ಹೆಸರೋ ಹಣವೋ ಎಂದು ಕೇಳಿದ್ದೀರಿ. ನಾನು ಎರಡನ್ನೂ ಬಿಟ್ಟು, ಮೂರನೆಯ ವರ್ಷದ ಒಂದು ಬೆಳಿಗ್ಗೆ ನೀವು ಯಾರ ಕೋಣೆಯ ಬಾಗಿಲು ತಟ್ಟುತ್ತೀರಿ ಎಂದು ತಿರುಗಿ ಕೇಳುತ್ತೇನೆ. ಮೊದಲೆರಡು ವರ್ಷ ಎಲ್ಲ ಕಡೆಯೂ ಬಹುತೇಕ ಒಂದೇ: ಸಂಭವನೀಯತೆ, ಅನುಮಾನ ಸಿದ್ಧಾಂತ (ಇನ್‌ಫರೆನ್ಸ್), ಲೀನಿಯರ್ ಮಾಡೆಲ್ಸ್, ಕೊನೆಗೆ ಅರ್ಹತಾ ಪರೀಕ್ಷೆ. ವ್ಯತ್ಯಾಸ ಶುರುವಾಗುವುದು ಅದರ ನಂತರ. ನಾನು ಒಂದು ವಿಭಾಗವನ್ನು ಆರಿಸಿಕೊಂಡದ್ದು ಒಬ್ಬರೇ ಒಬ್ಬ ಪ್ರಾಧ್ಯಾಪಕರಿಗಾಗಿ. ಅವರ ಲೇಖನಗಳನ್ನು ಊರಿನಲ್ಲಿದ್ದಾಗಲೇ ಓದಿದ್ದೆ. ಎರಡನೆಯ ವರ್ಷದ ವಸಂತದಲ್ಲಿ ಅವರು ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟರು, ಜೊತೆಗೆ ಹಿರಿಯ ವಿದ್ಯಾರ್ಥಿಗಳಿಬ್ಬರನ್ನು ಕರೆದುಕೊಂಡು ಹೋದರು, ನನ್ನಂಥ ಕಿರಿಯರು ಖಾಲಿ ಕೋಣೆಯ ಹೊರಗೆ ಉಳಿದೆವು. ವಿಷಯ ಬದಲಿಸಿ ಇನ್ನೊಬ್ಬರ ಬಳಿ ನೆಲೆಯೂರಲು ನನಗೆ ಒಂದು ವರ್ಷ ಹಿಡಿಯಿತು. ಆದ್ದರಿಂದ ಕನಿಷ್ಠ ಮೂವರ ಜೊತೆ ಕೆಲಸ ಮಾಡಬಲ್ಲೆ ಎನ್ನಿಸುವ ವಿಭಾಗವನ್ನು ನೋಡಿ, ಆ ಮೂವರಲ್ಲಿ ಒಬ್ಬರಾದರೂ ನಿವೃತ್ತಿಗೆ ದೂರವಿರುವವರೂ ಖಾಯಂ ಆದವರೂ ಆಗಿರಲಿ.

ಇದನ್ನು ತಿಳಿಯುವುದು ಹೇಗೆಂದರೆ, ಈಗಿರುವ ವಿದ್ಯಾರ್ಥಿಗಳನ್ನು ಕೇಳಿ. ಪ್ರವೇಶ ಸಿಕ್ಕ ಮೇಲೆ ವಿಭಾಗವೇ ಅವರ ಸಂಪರ್ಕ ಮಾಡಿಸಿಕೊಡುತ್ತದೆ. ನಿಮ್ಮ ಜೊತೆ ಸೇರಿದವರಲ್ಲಿ ಎಷ್ಟು ಜನ ಅರ್ಹತಾ ಪರೀಕ್ಷೆಯಲ್ಲಿ ಪಾಸಾಗಿ ಉಳಿದರು, ಬಿಟ್ಟುಹೋದವರು ಏಕೆ ಬಿಟ್ಟರು, ಮುಗಿಸಲು ನಿಜವಾಗಿ ಐದು ವರ್ಷವೋ ಏಳೋ, ಇಂಥ ಪ್ರಾಧ್ಯಾಪಕರು ವಾರಕ್ಕೊಮ್ಮೆಯಾದರೂ ಸಿಗುತ್ತಾರೆಯೇ ಎಂದು ಕೇಳಿ. ಇಮೇಲ್‌ನಲ್ಲಿ ಬರೆಯಲು ಹಿಂಜರಿಯುವವರು ಫೋನಿನಲ್ಲಿ ಹೇಳುತ್ತಾರೆ. ಯಾರಾದರೂ ಒಬ್ಬ ಪ್ರಾಧ್ಯಾಪಕರ ಹೆಸರು ಬಂದೊಡನೆ ಒಂದು ಕ್ಷಣ ಸುಮ್ಮನಾಗಿ "ಅವರು ತುಂಬಾ ಬುದ್ಧಿವಂತರು" ಎಂದರೆ ಅದನ್ನು ಗುರುತು ಹಾಕಿಕೊಳ್ಳಿ.

ಹಣ ಮುಖ್ಯವಲ್ಲವೆಂದು ನಾನು ಹೇಳುತ್ತಿಲ್ಲ. ಟ್ಯೂಷನ್ ಮನ್ನಾ, ಸ್ಟೈಪೆಂಡ್ ಮತ್ತು ಆರೋಗ್ಯ ವಿಮೆ ಇಲ್ಲದ ಪಿಎಚ್.ಡಿ. ಸೀಟಿಗೆ, ಹೆಸರು ಎಷ್ಟೇ ದೊಡ್ಡದಿರಲಿ, ಸಾಲ ಮಾಡಿ ಬರಬೇಡಿ. ಮೊತ್ತವನ್ನು ಹೋಲಿಸುವಾಗ ಅದು ಒಂಬತ್ತು ತಿಂಗಳಿನದೋ ಹನ್ನೆರಡು ತಿಂಗಳಿನದೋ ನೋಡಿ. ನನ್ನದು ಒಂಬತ್ತು ತಿಂಗಳಿನದೆಂದು ನನಗೆ ತಿಳಿದದ್ದು ಮೊದಲ ಮೇ ತಿಂಗಳಲ್ಲಿ. ಆ ಬೇಸಿಗೆಯಲ್ಲಿ ಮೂವರು ರೂಮ್‌ಮೇಟ್‌ಗಳು ಒಂದು ಮೂಟೆ ಅಕ್ಕಿಯನ್ನೂ ಅಮ್ಮ ಕಳಿಸಿದ್ದ ಚಟ್ನಿಪುಡಿಯನ್ನೂ ನಂಬಿಕೊಂಡು ಕಳೆದೆವು. ವಿದ್ಯಾರ್ಥಿ ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ಆ ಗಂಟೆಗಳನ್ನು ಟಿ.ಎ. ಕೆಲಸವೇ ನುಂಗಿರುತ್ತದೆ. ಮನ್ನಾ ಆಗದ ಸಣ್ಣಪುಟ್ಟ ಶುಲ್ಕಗಳು ಸೆಮಿಸ್ಟರ್‌ಗೆ ಎಷ್ಟಾಗುತ್ತವೆ, ಕ್ಯಾಂಪಸ್ ಹತ್ತಿರ ಒಂದು ಕೋಣೆಯ ಬಾಡಿಗೆ ಎಷ್ಟು ಎಂದು ಕೇಳಿ. ಕ್ಯಾಲಿಫೋರ್ನಿಯಾದ ದೊಡ್ಡ ಸ್ಟೈಪೆಂಡ್‌ಗಿಂತ ಅಯೋವಾದ ಚಿಕ್ಕ ಸ್ಟೈಪೆಂಡ್‌ನಲ್ಲಿ ತಿಂಗಳ ಕೊನೆಗೆ ಹೆಚ್ಚು ಉಳಿಯಬಹುದು. ನಮ್ಮವರಿಗೆ ಒಂದು ಅನುಕೂಲವೂ ಇದೆ: ಭಾರತದೊಂದಿಗಿನ ತೆರಿಗೆ ಒಪ್ಪಂದದ 21ನೆಯ ವಿಧಿಯಂತೆ ಭಾರತೀಯ ವಿದ್ಯಾರ್ಥಿಗಳು ಇಲ್ಲಿಯವರಂತೆಯೇ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ಒಂದು ನಿಗದಿತ ಮೊತ್ತಕ್ಕೆ ತೆರಿಗೆ ವಿನಾಯಿತಿ) ಪಡೆಯಬಹುದು. ಬೇರೆ ದೇಶಗಳ ಬಹುತೇಕ ವಿದ್ಯಾರ್ಥಿಗಳಿಗೆ ಅದಿಲ್ಲ.

ಪ್ರವೇಶ ಪತ್ರ ಬಂದ ಮೇಲೆ ಯಾರಾದರೂ ಒಂದು ವಾರದಲ್ಲಿ ಉತ್ತರಿಸಿ ಎಂದು ಅವಸರ ಮಾಡಿದರೆ ಗಾಬರಿಯಾಗಬೇಡಿ. ಧನಸಹಾಯದ ಆಹ್ವಾನಕ್ಕೆ ಏಪ್ರಿಲ್ 15ರ ಮೊದಲು ಉತ್ತರಿಸುವ ಹೊಣೆ ವಿದ್ಯಾರ್ಥಿಗಿಲ್ಲವೆಂದು ಇಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ಒಪ್ಪಿ ಸಹಿ ಹಾಕಿವೆ. ವಿನಯದಿಂದ ಅದನ್ನು ನೆನಪಿಸಬಹುದು. ಹಾಗೆಂದು ನಾಲ್ಕು ಸೀಟುಗಳನ್ನು ಕೊನೆಯ ದಿನದವರೆಗೆ ಹಿಡಿದುಕೊಂಡು ಕೂರಬೇಡಿ. ಖಂಡಿತ ಹೋಗುವುದಿಲ್ಲವೆಂದು ಗೊತ್ತಾದ ಕಡೆಗೆ ಅಂದೇ ಎರಡು ಸಾಲು ಬರೆದುಬಿಡಿ. ನಾನು ಹಿಂದೆ ಹೇಳಿದ ಆ ವಿಭಾಗದಲ್ಲಿ ನಾನಿದ್ದದ್ದು ಕಾಯುವವರ ಪಟ್ಟಿಯಲ್ಲಿ. ಏಪ್ರಿಲ್ 13ರ ರಾತ್ರಿ, ಧಾರವಾಡದ ಒಂದು ಸೈಬರ್ ಕೆಫೆ ಬಾಗಿಲು ಹಾಕುವ ಹೊತ್ತಿಗೆ, ಅವರ ಪತ್ರ ಬಂತು. ಯಾರೋ ಬೇಡವೆಂದಿದ್ದರು.