ಬೀಟೆ ವೆನೀರಿನ ಹಳೇ ಮೇಜಿಗೆ ಮನೆಯಲ್ಲೇ ಪಾಲಿಶ್: ಮಷಿನ್ ಹಿಡಿಯಬಹುದೇ?

ಬೀಟೆ ವೆನೀರಿನ (ಬೇರೆ ಮರದ ಮೇಲೆ ಅಂಟಿಸಿದ ತೆಳು ಬೀಟೆ ಹಾಳೆಯ) ಹಳೇ ಮೇಜು, ಪಾಲಿಶ್ ಮಾಸಿದೆ, ಬಿಸಿ ಲೋಟ ಇಟ್ಟಲ್ಲಿ ಬಿಳಿ ಉಂಗುರ, ಅಂಚಿನಲ್ಲಿ ಉಬ್ಬು. ಸ್ಯಾಂಡಿಂಗ್ ಮಷಿನ್ ಬಾಡಿಗೆಗೆ ತಂದು ಉಜ್ಜಬಹುದೇ ಎಂದು ಕೇಳಿದ್ದೀರಿ.

ದಯವಿಟ್ಟು ಮಷಿನ್ ತರಬೇಡಿ. ಹಳೇ ವೆನೀರ್ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಆಸುಪಾಸು, ಈಚಿನದು ಅರ್ಧ ಮಿಲಿಮೀಟರೂ ಇರುವುದಿಲ್ಲ. ಮೂಲೆ, ಅಂಚುಗಳಲ್ಲಿ ಮಷಿನ್ ಕ್ಷಣದಲ್ಲಿ ಅದನ್ನು ತಿಂದು ಕೆಳಗಿನ ಮರ ತೋರಿಸಿಬಿಡುತ್ತದೆ. ಹಾಗೆ ಹೋದ ಬೀಟೆಯನ್ನು ಬಣ್ಣ ಹಚ್ಚಿ ಮರೆಮಾಡಬಹುದೇ ಹೊರತು ವಾಪಸ್ ತರಲಾಗದು. ಹಳೇ ಪಾಲಿಶನ್ನು ಕರಗಿಸಿ ತೆಗೆಯಬೇಕು, ಉಜ್ಜಿ ಅಲ್ಲ.

ಮೊದಲು ಉಬ್ಬು. ಉಗುರಿನಿಂದ ತಟ್ಟುತ್ತಾ ಹೋಗಿ, ಅಂಟು ಬಿಟ್ಟ ಕಡೆ ಟೊಳ್ಳು ಸದ್ದು ಬರುತ್ತದೆ. ಹಳೇ ಮೇಜುಗಳಲ್ಲಿ ಹೆಚ್ಚಾಗಿ ಮೂಳೆ, ಚರ್ಮದಿಂದ ಮಾಡಿದ ಅಂಟಿರುತ್ತದೆ. ಬಿಸಿಗೆ ಅದು ಮತ್ತೆ ಮೆತ್ತಗಾಗುತ್ತದೆ. ಬಟರ್ ಪೇಪರ್, ಮೇಲೆ ಹತ್ತಿ ಬಟ್ಟೆ ಹಾಸಿ, ಮಧ್ಯಮ ಬಿಸಿಯ ಇಸ್ತ್ರಿಪೆಟ್ಟಿಗೆ ಹತ್ತು ಹದಿನೈದು ಸೆಕೆಂಡ್ ಇಟ್ಟು, ತೆಗೆದ ಕೂಡಲೇ ಸಪಾಟಾದ ಹಲಗೆ ಹಾಕಿ ಭಾರ ಹೇರಿ. ಕೂರದಿದ್ದರೆ ಮರದ ನಾರಿನ ನೇರಕ್ಕೇ ಬ್ಲೇಡಿನಿಂದ ಸೀಳಿ, ತುಸು ನೀರು ಬೆರೆಸಿದ ಫೆವಿಕಾಲನ್ನು ಸಿರಿಂಜಿನಲ್ಲಿ ಒಳಗೆ ಬಿಡಿ. ಹೊರಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ಲಾಸ್ಟಿಕ್ ಹಾಳೆ ಹಾಸಿ ಒಂದು ದಿನ ಭಾರ ಇಡಿ. ಈ ಕೆಲಸ ಹಳೇ ಪಾಲಿಶ್ ಮೇಲಿರುವಾಗಲೇ ಮುಗಿಯಲಿ. ಬರಿಯ ಮರಕ್ಕೆ ಅಂಟು ತಾಗಿದರೆ ಅಲ್ಲಿ ಪಾಲಿಶ್ ಹಿಡಿಯದೆ ಕಲೆಯಾಗಿ ಉಳಿಯುತ್ತದೆ.

ಆಮೇಲೆ ಇರುವುದು ಯಾವ ಪಾಲಿಶ್ ಎಂದು ನೋಡಿ. ಕಾಣದ ಕಡೆ ಸ್ಪಿರಿಟ್ (ಪಾಲಿಶಿಗೆ ಬಳಸುವ ಮೆಥಿಲೇಟೆಡ್ ಸ್ಪಿರಿಟ್) ಅದ್ದಿದ ಹತ್ತಿ ಒತ್ತಿ. ಅಂಟಂಟಾದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಥಿನ್ನರಿಗೆ ಮಾತ್ರ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಪಾಲಿಶ್, ಅದಕ್ಕೆ ಪೇಂಟ್ ರಿಮೂವರೇ ಬೇಕು. ಅರಗಾದರೆ ನಿಮ್ಮ ಅದೃಷ್ಟ: ಬಿಳಿ ಉಂಗುರವೆಂದರೆ ಪಾಲಿಶಿನೊಳಗೆ ಸಿಕ್ಕಿಕೊಂಡ ತೇವ ಅಷ್ಟೇ. ಟರ್ಪೆಂಟೈನಿನಲ್ಲಿ ಜಿಡ್ಡು ತೆಗೆದು, ಸ್ಪಿರಿಟ್ ತೀರಾ ಕಡಿಮೆ ತಾಗಿಸಿದ ಬಟ್ಟೆಯನ್ನು ಮೇಲೆ ಹಗುರವಾಗಿ ಸವರಿದರೆ ಬಹುಪಾಲು ಮಾಯವಾಗುತ್ತದೆ; ಹಳೇ ಪಾಲಿಶನ್ನು ಪೂರ್ತಿ ಬಿಚ್ಚುವ, ಅಂದರೆ ಕರಗಿಸಿ ತೆಗೆಯುವ ಅಗತ್ಯವೇ ಬೀಳದಿರಬಹುದು. ಕಪ್ಪು ಕಲೆ ಮಾತ್ರ ಬೇರೆ: ಕಬ್ಬಿಣ ಮತ್ತು ನೀರು ಸೇರಿ ಮರದೊಳಗೇ ಇಳಿದದ್ದು. ಅದಕ್ಕೆ ಪಾಲಿಶ್ ಬಿಚ್ಚಿದ ಮೇಲೆ ಅರ್ಧ ಲೀಟರ್ ಬಿಸಿನೀರಿಗೆ 50 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ, ಇಡೀ ಮೇಲ್ಮೈಗೆ ತೆಳುವಾಗಿ ಹಚ್ಚಿ. ಕಲೆಗಷ್ಟೇ ಹಚ್ಚಿದರೆ ಆ ಜಾಗ ಬಿಳಚಿಕೊಳ್ಳುತ್ತದೆ. ಅದು ವಿಷ, ಗ್ಲೌಸ್ ಬೇಕೇ ಬೇಕು. ಆಮೇಲೆ ಒದ್ದೆ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಿ. ನೀರು ನಿಲ್ಲಲು ಬಿಟ್ಟರೆ ವೆನೀರ್ ಮತ್ತೆ ಏಳುತ್ತದೆ.

ಅರಗಿನ ಪಾಲಿಶ್ ಬಿಚ್ಚುವಾಗ ಸ್ಪಿರಿಟ್ ಹಾಕಿ ಐದು ನಿಮಿಷ ಬಿಟ್ಟು, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್‌ನಿಂದ ನಾರಿನ ನೇರಕ್ಕೆ ಎತ್ತಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಒಲೆ, ದೀಪ ಇರಬಾರದು. ಒಣಗಿದ ಮೇಲೆ ಪೆನ್ಸಿಲಿನಿಂದ ಹಗುರವಾಗಿ ಗೀರುಗಳೆಳೆದು, 220 ನಂಬರಿನ ಸ್ಯಾಂಡ್ ಪೇಪರನ್ನು ಮರದ ತುಂಡಿಗೆ ಸುತ್ತಿ ಕೈಯಲ್ಲೇ ಉಜ್ಜಿ. ಗೀರು ಅಳಿಸಿದ ಕ್ಷಣ ನಿಲ್ಲಿಸಿ. ಅಡ್ಡ ನಾರು ಇಣುಕಿದರೆ ವೆನೀರ್ ಮುಗಿಯಿತೆಂದೇ ಅರ್ಥ.

ಹೊಸದಾಗಿ ಹಚ್ಚಲು 100 ಗ್ರಾಂ ಅರಗಿನ ಚಕ್ಕೆಯನ್ನು ಅರ್ಧ ಲೀಟರ್ ಸ್ಪಿರಿಟಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ. ಐದಾರು ತೆಳು ಕೋಟು, ನಡುವೆ ಒಂದು ಗಂಟೆ ಬಿಡುವು, ಎರಡು ಕೋಟಿಗೊಮ್ಮೆ 400ರ ಪೇಪರ್. ಮಳೆಗಾಲದ ತೇವದ ದಿನ ಹಚ್ಚಿದರೆ ಮೇಲ್ಮೈ ಮಂಜುಗಟ್ಟುತ್ತದೆ, ಒಣಹವೆಗೆ ಕಾಯಿರಿ. ಊಟದ ಮೇಜಾದರೆ ಅರಗು ಬಿಸಿ ತಡೆಯದು, ಪಿಯು ಹಾಕಿಸಿ. ಆದರೆ ಅದರಡಿ ಅರಗು ಹಚ್ಚುವುದಾದರೆ ಅದು ಮೇಣ ತೆಗೆದದ್ದೇ ಆಗಿರಬೇಕು, ಇಲ್ಲದಿದ್ದರೆ ಪಿಯು ಸಿಪ್ಪೆಯಂತೆ ಕಿತ್ತು ಬರುತ್ತದೆ.