ಲಿಸ್ಟೋವೆಲ್‌ನಲ್ಲಿ ಸುದ್ದಿ ತಿಳಿಯುವುದು ಹೇಗೆ?

ಐರ್ಲೆಂಡಿನ ಕೆರ್ರಿ ಕೌಂಟಿಯ (ನಮ್ಮ ಜಿಲ್ಲೆಯಂತೆ) ಟ್ರಾಲೀ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಬಾಡಿಗೆ ಮನೆ ಅದೇ ಕೌಂಟಿಯ ಲಿಸ್ಟೋವೆಲ್‌ನಲ್ಲಿ ದೊರೆತಿದೆ, ಅಷ್ಟು ಸಣ್ಣ ಊರಿನಲ್ಲಿ ಸುದ್ದಿ, ಕಾರ್ಯಕ್ರಮ ಎಂದು ಏನಾದರೂ ಇರುತ್ತದೆಯೇ ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಬಹುಕಾಲದಿಂದ ನೆಲೆಸಿರುವವನಾಗಿ ಹೇಳುವುದಾದರೆ, ಇಲ್ಲಿ ಸುದ್ದಿಗೆ ಬರವಿಲ್ಲ. ಆದರೆ ಅದು ನಾವು ಹುಡುಕುವ ಜಾಗದಲ್ಲಿ ಸಿಗುವುದಿಲ್ಲ.

ಮೊದಲು ಇಲ್ಲಿನ ಸ್ಥಳೀಯ ಬಾನುಲಿ ರೇಡಿಯೋ ಕೆರ್ರಿ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಅದರಲ್ಲಿ ಪ್ರತಿದಿನ ಮರಣವಾರ್ತೆ ಓದುತ್ತಾರೆ: ಯಾರು ತೀರಿಕೊಂಡರು, ಅಂತಿಮ ದರ್ಶನ ಎಲ್ಲಿ, ಎಷ್ಟು ಗಂಟೆಗೆ, ಯಾವ ಚರ್ಚಿನಲ್ಲಿ ಪ್ರಾರ್ಥನೆ, ಎಲ್ಲಿ ಮಣ್ಣು. ಹೊಸಬರಿಗೆ ಇದು ವಿಚಿತ್ರವೆನಿಸಬಹುದು, ಆದರೆ ಊರಿನ ಅತಿ ಮುಖ್ಯವಾದ ಸುದ್ದಿ ಇದೇ. ನಿಮ್ಮ ಬೀದಿಯವರೋ, ವಾರ್ಡಿನ ಸಹೋದ್ಯೋಗಿಯ ತಂದೆಯೋ ತೀರಿಕೊಂಡರೆ, ಪ್ರಕಟಣೆಯಲ್ಲಿ ಮನೆಯವರಿಗೆ ಮಾತ್ರ ಎಂದು ಹೇಳಿರದಿದ್ದರೆ, ಕರೆಯದಿದ್ದರೂ ಹೋಗಬೇಕು. ಸಾಲಿನಲ್ಲಿ ನಿಂತು, ಮನೆಯವರ ಕೈಕುಲುಕಿ, ಎಲ್ಲರೂ ಹೇಳುವಂತೆ 'ಸಾರಿ ಫಾರ್ ಯುವರ್ ಟ್ರಬಲ್' ಎಂದು ಮುಂದೆ ಸಾಗಿದರೆ ಸಾಕು, ಮತ್ತೇನೂ ಮಾತು ಹುಡುಕಬೇಕಿಲ್ಲ. ಸಾವಿನ ಮನೆಯಿಂದ ಬಂದು ನೇರ ಬಚ್ಚಲಿಗೆ ನಡೆಯುವ ನಮಗೆ, ಶವದ ಪೆಟ್ಟಿಗೆ ಇರುವ ಮನೆಯಲ್ಲೇ ಚಹಾ, ಸ್ಯಾಂಡ್‌ವಿಚ್ ಕೊಟ್ಟಾಗ ಕೈ ಹಿಂದೇಟು ಹಾಕುವುದು ಸಹಜ. ಚಹಾವನ್ನಾದರೂ ತೆಗೆದುಕೊಳ್ಳಿ. (ಸಸ್ಯಾಹಾರಿಗಳಾಗಿದ್ದರೆ ಸ್ಯಾಂಡ್‌ವಿಚ್ ಬಿಡಿಸಿ ನೋಡಿ, ಬಹುತೇಕ ಹ್ಯಾಮ್, ಅಂದರೆ ಹಂದಿಮಾಂಸ, ಇರುತ್ತದೆ.) ಹೀಗೆ ಹೋಗಿಬಂದವರನ್ನು ಈ ಊರು ಮರೆಯುವುದಿಲ್ಲ.

ಪತ್ರಿಕೆಯೆಂದರೆ 1904ರಲ್ಲಿ ಟ್ರಾಲೀಯಲ್ಲಿ ಆರಂಭವಾದ ವಾರಪತ್ರಿಕೆ 'ದಿ ಕೆರ್ರಿಮನ್'. ಮುಖಪುಟಕ್ಕಿಂತ ಒಳಪುಟಗಳ ಊರೂರಿನ ಟಿಪ್ಪಣಿಗಳನ್ನು ಓದಿ. ಇಸ್ಪೀಟು ಪಂದ್ಯದಲ್ಲಿ ಗೆದ್ದವರು ಯಾರು, ಕ್ಲಬ್ಬಿನ ಲಾಟರಿಯಲ್ಲಿ ಜಾಕ್‌ಪಾಟ್ ಯಾರಿಗಾದರೂ ಹೊಡೆಯಿತೇ ಎಂಬ ವಿವರಗಳಿಂದಲೇ ಊರಿನ ಹೆಸರುಗಳು ಪರಿಚಯವಾಗುತ್ತವೆ. ಐರ್ಲೆಂಡಿನದೇ ಆಟವಾದ ಗೇಲಿಕ್ ಫುಟ್‌ಬಾಲ್ ಬಗ್ಗೆ ಬೇರೆ ಹೇಳಬೇಕಿಲ್ಲ. ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನು ಕೆರ್ರಿಯಷ್ಟು ಬಾರಿ ಬೇರಾವ ಕೌಂಟಿಯೂ ಗೆದ್ದಿಲ್ಲ. ಫೈನಲ್ ನಡೆಯುವ ಜುಲೈನಲ್ಲಿ ಬೀದಿಯೆಲ್ಲ ಕೆರ್ರಿ ತಂಡದ ಹಸಿರು-ಹೊನ್ನಿನ ಬಾವುಟ ಕಂಡಾಗ ನಿಮಗೇ ಅರ್ಥವಾಗುತ್ತದೆ.

ಸಾಂಸ್ಕೃತಿಕವಾಗಿ ಈ ಊರು ತನ್ನ ಗಾತ್ರವನ್ನು ಮೀರಿದ್ದು. ಪಬ್ ನಡೆಸುತ್ತಲೇ ನಾಟಕ ಬರೆದ ಜಾನ್ ಬಿ. ಕೀನ್, ಶಾಲಾ ಮಾಸ್ತರರಾಗಿದ್ದ ಕತೆಗಾರ ಬ್ರಯಾನ್ ಮ್ಯಾಕ್‌ಮಹೋನ್ ಇಬ್ಬರೂ ಇಲ್ಲಿಯವರು. 1970ರ ದಶಕದ ಆರಂಭದಿಂದ ನಡೆದುಬಂದಿರುವ ಸಾಹಿತ್ಯೋತ್ಸವ 'ರೈಟರ್ಸ್ ವೀಕ್' ಬೇಸಿಗೆಯ ಹೊಸ್ತಿಲಲ್ಲಿ ಬರುತ್ತದೆ. ಆ ವಾರ ರಜೆ ಹಾಕಿಯಾದರೂ ಒಂದೆರಡು ಗೋಷ್ಠಿಗಳಿಗೆ ಹೋಗಿ. ಉಳಿದ ದಿನಗಳಲ್ಲಿ ಚೌಕದ ನಡುವಿನ ಸೇಂಟ್ ಜಾನ್ಸ್ ರಂಗಮಂದಿರವಿದೆ. ಅದು ಹಿಂದೆ ಚರ್ಚಾಗಿದ್ದ ಕಟ್ಟಡ. ಪುಟ್ಟ ಸಭಾಂಗಣವಾದ್ದರಿಂದ ನಟರ ಉಸಿರೂ ಕೇಳುವಷ್ಟು ಹತ್ತಿರದಲ್ಲಿ ಕೂರಬಹುದು.

ಸೆಪ್ಟೆಂಬರಿನಲ್ಲಿ ಫೀಲ್ ನದಿಯಾಚೆ ವಾರವಿಡೀ ನಡೆಯುವ ಕುದುರೆ ಪಂದ್ಯ ಈ ಕಡೆಯ ದೊಡ್ಡ ಜಾತ್ರೆ. ಜೂಜು, ಕುಡಿತ, ಜನಜಂಗುಳಿ ಎಲ್ಲವೂ ಇರುತ್ತದೆ. ನನಗೆ ಅದು ಅಷ್ಟು ಹಿಡಿಸದು, ಆದರೂ ಒಮ್ಮೆ ನೋಡದೆ ಇರಬೇಡಿ ಎಂದಷ್ಟೇ ಹೇಳುತ್ತೇನೆ.

ಯುಗಾದಿ, ರಾಜ್ಯೋತ್ಸವಗಳಿಗೆ ಡಬ್ಲಿನ್ನಿನಲ್ಲಿ ಕನ್ನಡಿಗರು ಸೇರುತ್ತಾರೆ, ನಿಜ. ಆದರೆ ಲಿಸ್ಟೋವೆಲ್‌ಗೆ ಈಗ ರೈಲಿಲ್ಲ. ಟ್ರಾಲೀಗೆ ಹೋಗಿ ಅಲ್ಲಿಂದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ ಪ್ರಯಾಣ ಮಾಡಬೇಕು. ಪಾಳಿಯ ಕೆಲಸದವರಿಗೆ ಅದು ವರ್ಷಕ್ಕೆ ಒಂದೆರಡು ಬಾರಿಗಷ್ಟೇ ಸಾಧ್ಯ. ಉಳಿದ ವಾರಾಂತ್ಯಗಳನ್ನು ಈ ಊರಿನಲ್ಲೇ ಕಳೆಯುವ ಲೆಕ್ಕ ಹಾಕಿಕೊಂಡು ಬನ್ನಿ.