ಓದುಗರ ಪ್ರಶ್ನೆ, ಸಿಸ್ಟರಮ್ಮನ ಉತ್ತರ: ನೀರಿನ ಬಿಂದಿಗೆಯ ಜೊತೆ ಕರಪತ್ರ ಕೊಡಬಹುದಾ?

ಪ್ರಶ್ನೆ: ಸಿಸ್ಟರಮ್ಮನವರಿಗೆ ವಂದನೆಗಳು. ನಮ್ಮ ಕ್ರೈಸ್ತ ಸಭೆಯ (ಚರ್ಚಿನ) ಕಾಂಪೌಂಡಿನ ಹಿಂದಿನ ವಠಾರಕ್ಕೆ ಅಸ್ಸಾಂನಿಂದ ಆರು ಮುಸ್ಲಿಂ ಕುಟುಂಬಗಳು ಬಾಡಿಗೆಗೆ ಬಂದಿವೆ. ಫಿಲೇಚರ್‌ಗಳಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ನಮ್ಮ ಬೋರ್‌ವೆಲ್‌ನಲ್ಲೇ ನೀರು ಹಿಡಿಯುತ್ತಾರೆ. ಕೆಲವು ಹಿರಿಯರು 'ಇವರು ಬಾಂಗ್ಲಾದವರು, ಹೀಗೇ ಬಂದು ಜಾಸ್ತಿ ಆಗ್ತಾರೆ, ನೀರು ನಿಲ್ಲಿಸಿ' ಅಂತಾರೆ. ಯುವಕರಾದ ನಾವು, ಇದು ದೇವರೇ ಕೊಟ್ಟ ಅವಕಾಶ, ನೀರಿಗೆ ಬಂದಾಗ ಯೇಸುವಿನ ಬಗ್ಗೆ ಒಂದೊಂದು ಕರಪತ್ರ ಕೊಡೋಣ ಅಂತೀವಿ. ಯಾರದು ಸರಿ?
– ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ಎರಡೂ ಸರಿಯಿಲ್ಲ ತಮ್ಮಾ. ನೀರು ನಿಲ್ಲಿಸಬೇಡಿ. ನೀರಿನ ಜೊತೆ ಕರಪತ್ರವನ್ನೂ ಕೊಡಬೇಡಿ.

ಮೊದಲು ಹಿರಿಯರ ಮಾತು. ಅಸ್ಸಾಂ ಭಾರತದಲ್ಲೇ ಇದೆ. ಅಲ್ಲಿಂದ ಬಂದವರನ್ನು ಮುಖ ನೋಡಿ, ಭಾಷೆ ಕೇಳಿ ಬಾಂಗ್ಲಾದವರು ಅಂತ ಹೇಳುವುದು ತಪ್ಪು. ನಾನು ಬಿಪಿ, ಶುಗರ್ ನೋಡಲು ಹೋಗುವ ಓಣಿಯಲ್ಲೂ ಇಂಥವರಿದ್ದಾರೆ. ಒಬ್ಬಾಕೆ ಅಕ್ಕಿ ಡಬ್ಬದೊಳಗೆ ಪ್ಲಾಸ್ಟಿಕ್ ಕವರ್ ಇಟ್ಟಿದ್ದಾಳೆ. ಅದರಲ್ಲಿ ಒಡವೆ ಇಲ್ಲ. ಅವಳ ಮಾವನ ಹಳೇ ಜಮೀನಿನ ಕಾಗದ, ಓಟರ್ ಲಿಸ್ಟಿನ ನಕಲು ಇವೆ. ಅಸ್ಸಾಂನಲ್ಲಿ ಪೌರತ್ವ ಪಟ್ಟಿಗೆ (ಎನ್‌ಆರ್‌ಸಿ) ಸೇರಲು, 1971ರ ಮಾರ್ಚ್ 24ರೊಳಗೆ ಕುಟುಂಬ ಭಾರತದಲ್ಲಿತ್ತು ಅಂತ ತೋರಿಸಬೇಕಿತ್ತು. 2019ರ ಆಗಸ್ಟ್ 31ರಂದು ಬಂದ ಪಟ್ಟಿಯಲ್ಲಿ 19 ಲಕ್ಷಕ್ಕೂ ಜಾಸ್ತಿ ಜನರ ಹೆಸರು ಇರಲಿಲ್ಲ. ಅವರಲ್ಲಿ ಹಿಂದೂಗಳೂ ಇದ್ದರು. ಆ ಕವರ್ ಇಲ್ಲದೆ ಅವಳಿಗೆ ನಿದ್ದೆ ಬರುವುದಿಲ್ಲ.

ನಿಜವಾಗಿ ಗಡಿ ದಾಟಿ ಬಂದವರೂ ಇರಬಹುದು. ಗಡಿ ಕಾಯಲು ಸರ್ಕಾರ ಇದೆ, ಅದು ಕಾಯಲೇಬೇಕು. ಮನೆ ಮಾಲೀಕರು ಬಾಡಿಗೆಯವರ ವಿವರವನ್ನು ಪೊಲೀಸ್ ಠಾಣೆಗೆ ಕೊಡಲಿ. ಆದರೆ ಬೋರ್‌ವೆಲ್ ಹತ್ತಿರ ನಿಂತು ಪೌರತ್ವ ಕೇಳುವ ಕೆಲಸವನ್ನು ಸಭೆಗೆ ಯಾರೂ ಒಪ್ಪಿಸಿಲ್ಲ. ಬೈಬಲಿನ ಯಾಜಕಕಾಂಡ 19:34 ಓದಿ. ನಿಮ್ಮ ನಡುವೆ ಬಂದಿಳಿದ ಪರದೇಶಿಯನ್ನು ನಿಮ್ಮಲ್ಲೇ ಹುಟ್ಟಿದವನ ಹಾಗೆ ಕಾಣಿರಿ, ನೀವೂ ಐಗುಪ್ತದಲ್ಲಿ (ಈಜಿಪ್ಟ್) ಪರದೇಶಿಗಳಾಗಿದ್ದಿರಿ ಅಂತ ಇದೆ.

'ಜಾಸ್ತಿ ಆಗ್ತಾರೆ' ಅನ್ನುವ ಮಾತು ನನಗೆ ತುಂಬಾ ನೋವು ಕೊಡುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ಇಷ್ಟೇ ಇರುವ ನಮ್ಮ ಮೇಲೂ ಇದೇ ಮಾತು ಬಂದಿದೆ, ಅಲ್ವಾ? ಮನೆಯಲ್ಲಿ ಪ್ರಾರ್ಥನೆಗೆ ಕೂತಾಗ ಬಾಗಿಲ ಮುಂದೆ ಜನ ಸೇರಿ ತಲೆ ಎಣಿಸಿದ್ದನ್ನು ನಾನು ನೋಡಿದ್ದೇನೆ. ನಮ್ಮನ್ನು ಹಾಗೆ ಎಣಿಸಿದಾಗ ಅತ್ತವರು ನಾವು. ಇನ್ನೊಬ್ಬರನ್ನು ಎಣಿಸಲು ನಮಗೆ ಮನಸ್ಸಾದರೂ ಹೇಗೆ ಬರುತ್ತದೆ?

ಇನ್ನು ನಿಮ್ಮ ಕರಪತ್ರ. ಇದರ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸತು, ನನಗೆ 23 ವರ್ಷ. ಮಿಷನ್ ಆಸ್ಪತ್ರೆಯ ಹೆರಿಗೆ ವಾರ್ಡು. ರೇಷ್ಮೆ ನೂಲು ತೆಗೆಯುವ ಒಬ್ಬ ರೀಲರ್‌ನ ಹೆಂಡತಿ, ಮೂರನೇ ಬಾಣಂತನ, ರಕ್ತ ಕಮ್ಮಿ. ಬಿಸಿನೀರಲ್ಲಿ ಗೂಡು ಅದ್ದಿ ಅದ್ದಿ ಅವಳ ಬೆರಳುಗಳು ಬಿಳಿಚಿ ಸುಲಿದಿದ್ದವು. ನಾನು ಇಂಜೆಕ್ಷನ್ ಟ್ರೇ ಇಟ್ಟು, ಅದರ ಪಕ್ಕದಲ್ಲೇ ಉರ್ದುವಿನ ಒಂದು ಕರಪತ್ರ ಇಟ್ಟೆ. ಅವಳು ಅದನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: 'ಇದು ತಗೊಳ್ಳದಿದ್ರೆ ಸೂಜಿ ಹಾಕ್ತೀರಾ ಅಮ್ಮಾ?'

ಆ ಪ್ರಶ್ನೆ ಇವತ್ತಿಗೂ ನನ್ನ ಜೊತೆ ಇದೆ. ನಾನು ಕೊಟ್ಟದ್ದು ಒಳ್ಳೆಯ ಸುದ್ದಿ ಅಂತ ನಾನು ಅಂದುಕೊಂಡಿದ್ದೆ. ಅವಳಿಗೆ ಅದು ಔಷಧಿಯ ಬೆಲೆಯಾಗಿ ಕಂಡಿತ್ತು. ಬೇಡ ಅನ್ನಲು ಆಗದ ಜಾಗದಲ್ಲಿ ಕೊಟ್ಟದ್ದು ಸುವಾರ್ತೆ ಆಗುವುದಿಲ್ಲ ತಮ್ಮಾ. ಖಾಲಿ ಬಿಂದಿಗೆ ಹಿಡಿದು ನಿಂತವಳು ನಿಮ್ಮ ಕಾಗದಕ್ಕೆ ಬೇಡ ಅನ್ನಲು ಹೇಗೆ ಸಾಧ್ಯ? ಅದೂ ಈ ಜಿಲ್ಲೆಯಲ್ಲಿ, ಸಾವಿರ ಅಡಿ ಕೊರೆದರೂ ನೀರು ಸಿಗದ ಕಡೆ?

ಕಾನೂನಿನ ಮಾತೂ ಇದೆ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಆಮಿಷ ಒಡ್ಡಿ ಮತಾಂತರ ಮಾಡುವುದರ ವಿರುದ್ಧ 2022ರಲ್ಲಿ ನಮ್ಮ ರಾಜ್ಯ ಕಾಯ್ದೆ ತಂದಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆ ಇರಲಿ, ಬಿಡಲಿ, ನನ್ನ ಉತ್ತರ ಇದೇ.

ಹಾಗಾದರೆ ಸುಮ್ನೆ ಇರಬೇಕಾ ಅಂತ ಕೇಳುತ್ತೀರಿ. ಇಲ್ಲ. ಯೇಸು ನನ್ನ ರಕ್ಷಕ, ಇದನ್ನು ಮುಚ್ಚಿಡಲು ನನಗೂ ಆಗದು. ಯೋಹಾನ 4ನೇ ಅಧ್ಯಾಯ ಮತ್ತೆ ತೆಗೆಯಿರಿ. ಬಾವಿಯ ಹತ್ತಿರ ಸಮಾರ್ಯದ ಹೆಂಗಸಿಗೆ ಯೇಸು ಮೊದಲು ಏನನ್ನೂ ಕೊಡಲಿಲ್ಲ. ಕುಡಿಯಲು ನೀರು ಕೊಡು ಅಂತ ತಾನೇ ಕೇಳಿದ. ನೀವೂ ಹಾಗೆ ಹೋಗಿ. ಅವರ ಮನೆಯಲ್ಲಿ ಕೂತು ಚಹಾ ಕುಡಿಯಿರಿ. ಅವರ ಊರಿನ ನದಿ, ಪ್ರವಾಹದ ಕಥೆ ಕೇಳಿ. ಮಗುವನ್ನು ಶಾಲೆಗೆ ಸೇರಿಸಲು ಜೊತೆಗೆ ಹೋಗಿ. ನಿಮ್ಮ ಸಭೆಯ ಹೆಂಗಸರು ಅವರ ಹೆಂಗಸರ ಜೊತೆ ಮಾತಾಡಲಿ, ಹುಡುಗರು ಹೋಗುವುದು ಬೇಡ. ಒಂದು ದಿನ ಅವರೇ ಕೇಳುತ್ತಾರೆ, ಯಾಕೆ ನಮಗೆ ಇಷ್ಟೆಲ್ಲಾ ಮಾಡ್ತೀರಿ ಅಂತ. ಆಗ ಇದ್ದದ್ದು ಇದ್ದ ಹಾಗೆ ಹೇಳಿ. ಪೇತ್ರನ ಮೊದಲ ಪತ್ರಿಕೆ 3:15ರಲ್ಲಿ ಕೇಳಿದವರಿಗೆ ಮೆಲ್ಲಗೆ, ಗೌರವದಿಂದ ಉತ್ತರ ಕೊಡಿ ಅಂತಲೇ ಇದೆ. ಓದಲು ಬೇಕು ಅಂದರೆ ಕನ್ನಡದ ಕರಪತ್ರ ಅವರಿಗೆ ಉಪಯೋಗಕ್ಕೆ ಬಾರದು. ಮಿಷನರಿ ವಿಲಿಯಂ ಕೇರಿ 1801ರಲ್ಲೇ ಬಂಗಾಳಿಯಲ್ಲಿ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದ. ಅವರು ಬಂಗಾಳಿ ಓದುವವರಾದರೆ, ಆ ಪ್ರತಿ ಈಗಲೂ ಸಿಗುತ್ತದೆ, ತರಿಸಿಕೊಡಿ. ಬೇಡ ಅಂದರೂ ಮರುದಿನ ನೀರು ಅಷ್ಟೇ ಸಿಗಬೇಕು.

ಪ್ರಶ್ನೆ: ನನ್ನ ಮಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ನಿರಾಶ್ರಿತರಲ್ಲಿ ಕ್ರೈಸ್ತರನ್ನು ಮಾತ್ರ ಸೇರಿಸಬೇಕು, ಮುಸ್ಲಿಮರು ಬೇಡ ಅಂತ ಕೆಲವರು ಹೇಳುತ್ತಾರಂತೆ. ವಿಶ್ವಾಸಿಗಳು ಹಾಗೆ ಹೇಳಬಹುದಾ?
– ಒಬ್ಬ ತಾಯಿ, ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉತ್ತರ: ಅಕ್ಕಾ, 2015ರಲ್ಲಿ ಸ್ಲೊವಾಕಿಯಾ ದೇಶವೇ ಹಾಗೆ ಹೇಳಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸ್ ಗ್ರೀಸಿನ ಲೆಸ್ಬೋಸ್ ದ್ವೀಪಕ್ಕೆ ಹೋಗಿ, ತಮ್ಮದೇ ವಿಮಾನದಲ್ಲಿ 12 ಜನ ಸಿರಿಯನ್ನರನ್ನು ಕರೆತಂದರು. ಎಲ್ಲರೂ ಮುಸ್ಲಿಮರು. ನನ್ನ ಮನಸ್ಸು ಆ ವಿಮಾನದ ಕಡೆಗೆ.

ಎಷ್ಟು ಜನರನ್ನು ಸೇರಿಸಬಹುದು ಅಂತ ಒಂದು ದೇಶ ಲೆಕ್ಕ ಹಾಕುವುದು ತಪ್ಪಲ್ಲ. ಹಾಕಲೇಬೇಕು. ಆದರೆ ಮುಳುಗುವವನ ಜಾತಕ ಕೇಳಿ ಕೈ ಕೊಡುವುದು ಬೇರೆ. ಮುಸ್ಲಿಮರ ಚರಿತ್ರೆಯಲ್ಲೇ ಒಂದು ನೆನಪಿದೆ. ಸುಮಾರು 615ರಲ್ಲಿ ಮೆಕ್ಕಾದಲ್ಲಿ ಹಿಂಸೆ ತಾಳಲಾರದೆ ಅವರ ಮೊದಲ ಗುಂಪು ಅಬಿಸೀನಿಯಾಕ್ಕೆ (ಇಂದಿನ ಇಥಿಯೋಪಿಯಾ ಕಡೆ) ಓಡಿಹೋಯಿತು. ಅಲ್ಲಿನ ಕ್ರೈಸ್ತ ರಾಜ ಅವರನ್ನು ಹಿಡಿದು ಒಪ್ಪಿಸಲಿಲ್ಲ, ಇಟ್ಟುಕೊಂಡ. 1,400 ವರ್ಷ ಆದರೂ ಅವರು ಆ ರಾಜನನ್ನು ಮರೆತಿಲ್ಲ.

ನಿಮ್ಮ ಮಗನ ಸಭೆಗೆ ಇರಾನ್, ಆಫ್ಘಾನಿಸ್ತಾನದವರು ದೀಕ್ಷಾಸ್ನಾನ ಕೇಳಿ ಬರಬಹುದು, ಜರ್ಮನಿಯಲ್ಲಿ ಇದು ನಡೆಯುತ್ತಿದೆ. ಕೆಲವರು ಆಶ್ರಯದ ಕಾಗದಕ್ಕಾಗಿ ಬರುತ್ತಾರೆ ಅನ್ನುವ ಅನುಮಾನವೂ ಇದೆ. ಅವಸರ ಬೇಡ, ತಿಂಗಳುಗಟ್ಟಲೆ ಕಲಿಸಿ ಅಂತ ಮಗನಿಗೆ ಹೇಳಿ. ನೀವಂತೂ ಚಿನ್ನದ ಗಣಿಗೆ ಹೊಟ್ಟೆಪಾಡಿಗೆ ಬಂದವರ ಮೊಮ್ಮಕ್ಕಳ ಊರಿನವರು. ಗಣಿ 2001ರಲ್ಲಿ ಮುಚ್ಚಿದ ಮೇಲೆ ಕತ್ತಲಲ್ಲೇ ಎದ್ದು ಬೆಂಗಳೂರಿನ ರೈಲು ಹಿಡಿದವರ ಕಷ್ಟ ನಿಮಗೆ ಗೊತ್ತು. ಅದನ್ನೂ ಮಗನಿಗೆ ಹೇಳಿ.

ಪ್ರಶ್ನೆ: ಮುಸ್ಲಿಂ ಗೆಳೆಯನಿಗೆ ಕುರಾನಿನಿಂದಲೇ ಯೇಸುವನ್ನು ತೋರಿಸಿಕೊಡಬಹುದಾ?
– ಕಾಲೇಜು ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ಕುರಾನಿನಲ್ಲಿ ಯೇಸು ಈಸಾ ಅನ್ನುವ ಹೆಸರಲ್ಲಿ ಇದ್ದಾರೆ, 19ನೇ ಅಧ್ಯಾಯಕ್ಕೆ ಅವರ ತಾಯಿ ಮರಿಯಮ್ಮನ ಹೆಸರೇ ಇದೆ. ಅಲ್ಲಿಂದ ಮಾತು ಶುರು ಮಾಡಬಹುದು. ಆದರೆ ಅವನ ಗ್ರಂಥದ ಅರ್ಥವನ್ನು ಅವನಿಗೇ ಕಲಿಸಲು ಹೋಗಬೇಡ. ಯೇಸು ಶಿಲುಬೆಗೆ ಹಾಕಲ್ಪಟ್ಟರು ಅಂತ ನಾವು ನಂಬುತ್ತೇವೆ, ಅವರು ಇಲ್ಲ ಅನ್ನುತ್ತಾರೆ. ಈ ವ್ಯತ್ಯಾಸ ಮುಚ್ಚಿಡಬೇಡ. ಈ ಸಲದ ರಂಜಾನ್‌ನಲ್ಲಿ ಅವನು ಕರೆದರೆ ಇಫ್ತಾರಿಗೆ ಹೋಗು. ಅವನು ಯಾಕೆ ಉಪವಾಸ ಇರುತ್ತಾನೆ ಅಂತ ಅವನ ಬಾಯಿಂದಲೇ ಕೇಳು.